ಗಾಳಿಯ ಮಾತು ಕೇಳದ ಡ್ರಿಫ್ಟರ್: ಶಾಲೆಯಲ್ಲಿ ಕಟ್ಟುವ ಬಗೆ

(ಕರಾವಳಿಯ ವಿಜ್ಞಾನ ಶಿಕ್ಷಕರು ಮತ್ತು ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಪೀಠಿಕೆ ಬೇಡ, ಒಂದು ಪ್ರಯೋಗದಿಂದಲೇ ಶುರು ಮಾಡೋಣ. ಸುಲಿದ ತೆಂಗಿನಕಾಯಿ ಒಂದು, ಮುಚ್ಚಳ ಬಿಗಿದ ಖಾಲಿ ಬಾಟಲಿ ಒಂದು. ಎರಡನ್ನೂ ದೋಣಿಯಿಂದ ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ನೀರಿಗೆ ಬಿಡಿ. ಮಧ್ಯಾಹ್ನದ ಕಡಲಗಾಳಿ ಎದ್ದಿದ್ದರೆ ಅರ್ಧ ಗಂಟೆಯಲ್ಲಿ ಬಾಟಲಿ ದಡದ ಕಡೆ ಓಡಿರುತ್ತದೆ. ಕಾಯಿ ಬೇರೆ ದಾರಿ ಹಿಡಿದಿರುತ್ತದೆ. ಬಾಟಲಿಯ ಬಹುಭಾಗ ನೀರಿನ ಮೇಲಿದೆ, ಅದಕ್ಕೆ ಗಾಳಿಯೇ ಯಜಮಾನ. ಕಾಯಿ ಬಹುತೇಕ ಮುಳುಗಿ ತೇಲುತ್ತದೆ, ಅದಕ್ಕೆ ನೀರೇ ಯಜಮಾನ. ಶ್ರಾವಣದ ಹುಣ್ಣಿಮೆಗೆ ಸಮುದ್ರಪೂಜೆ ಮಾಡಿ ಅರ್ಪಿಸಿದ ಕಾಯಿ ಎತ್ತ ಸಾಗಿತೆಂದು ನಿಂತು ನೋಡುವವರು ನೀರಿನ ಸೆಳೆತವನ್ನೇ ನೋಡುತ್ತಿರುತ್ತಾರೆ.

ಡ್ರಿಫ್ಟರ್ ಎಂದರೆ ಕಡಲಿನ ಪ್ರವಾಹದ ಜೊತೆ ತೇಲುತ್ತಾ ಅದರ ದಾರಿ ತೋರಿಸುವ ಉಪಕರಣ; ತಾನೆಲ್ಲಿದ್ದೇನೆ ಎಂದು ತಾನೇ ತಿಳಿಸುವ ಕಾಯಿ ಅನ್ನಿ. ತೇಲಿಸುವುದು ಕಷ್ಟವಲ್ಲ, ಡಬ್ಬಕ್ಕೆ ಜಿಪಿಎಸ್ ಕಟ್ಟಿ ಎಸೆದರೂ ತೇಲುತ್ತದೆ. ಆದರೆ ಆ ಡಬ್ಬ ಬರೆದುಕೊಟ್ಟ ನಕ್ಷೆ ಪ್ರವಾಹದ್ದೋ ಗಾಳಿಯದ್ದೋ ಎಂದು ಯಾರೂ ಹೇಳಲಾರರು. ಇಂದು ಹೇಳಲಿರುವ ಪ್ರತಿಯೊಂದು ಅಳತೆಯ ಹಿಂದೆ ಈ ಒಂದೇ ಪ್ರಶ್ನೆ ಇದೆ: ಇದು ನೀರಿನ ಜೊತೆ ಹೋಯಿತೇ? ಹೋಯಿತೆಂದು ಹೇಗೆ ತೋರಿಸುತ್ತೀರಿ?

ಅಮೆರಿಕದ ಈಶಾನ್ಯದಲ್ಲಿ, ಮೇನ್ ಕೊಲ್ಲಿಯ ಸುತ್ತಲಿನ ಶಾಲೆ ಕಾಲೇಜುಗಳಲ್ಲಿ ಈ ಕೆಲಸ ಎರಡು ದಶಕಗಳಿಂದ ನಡೆದುಬಂದಿದೆ. ವುಡ್ಸ್ ಹೋಲ್‌ನ ಸರ್ಕಾರಿ ಮೀನುಗಾರಿಕಾ ವಿಜ್ಞಾನ ಪ್ರಯೋಗಾಲಯ, ಸದರ್ನ್ ಮೇನ್ ಕಮ್ಯುನಿಟಿ ಕಾಲೇಜು, ಅಲ್ಲಿನ ಲಾಬ್‌ಸ್ಟರ್ ಪ್ರತಿಷ್ಠಾನ (ಲಾಬ್‌ಸ್ಟರ್ ಎಂದರೆ ದೊಡ್ಡ ಕಡಲ ಸಿಗಡಿ) ಸೇರಿ ಬೆಳೆಸಿದ ಕೆಲಸವಿದು. ವಿದ್ಯಾರ್ಥಿಗಳು ಕಟ್ಟಿದ್ದನ್ನು ಮೀನುಗಾರರು ದೋಣಿಯಲ್ಲಿ ಒಯ್ದು ಬಿಡುತ್ತಾರೆ. ಲಾಬ್‌ಸ್ಟರ್ ಮರಿಗಳು ಎತ್ತ ತೇಲಿಹೋಗುತ್ತವೆ, ವಿಷಪಾಚಿಯ ಕೆಂಪು ನೀರು ಯಾವ ದಡಕ್ಕೆ ಬರಬಹುದು, ಕಂಪ್ಯೂಟರ್ ಮಾದರಿ ಹೇಳಿದ ಪ್ರವಾಹ ನಿಜವೇ ಎಂಬುದನ್ನು ನೋಡಲು ಆ ದಾರಿಗಳು ಬಳಕೆಯಾಗಿವೆ. ವಿದ್ಯಾರ್ಥಿಗಳ ದತ್ತಾಂಶ ವಿಜ್ಞಾನಿಗಳ ಕೆಲಸಕ್ಕೆ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಅವರು ಆರಿಸಿಕೊಂಡ ಆಕಾರ ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಾಗರವಿಜ್ಞಾನ ಸಂಸ್ಥೆಯ ರಸ್ ಡೇವಿಸ್ ಅವರದ್ದು. 1981–82ರಲ್ಲಿ ಉತ್ತರ ಕ್ಯಾಲಿಫೋರ್ನಿಯಾ ಕರಾವಳಿಯ ಪ್ರವಾಹ ಅಧ್ಯಯನಕ್ಕೆ ರೂಪಿಸಿದ್ದು. ನಡುವೆ ಒಂದು ಕಂಬ, ಅದರಿಂದ ನಾಲ್ಕು ದಿಕ್ಕಿಗೆ ನೀರೊಳಗೆ ನಿಲ್ಲುವ ನಾಲ್ಕು ಬಟ್ಟೆ, ಮೇಲಿನ ತೋಳುಗಳ ತುದಿಗೆ ಸಣ್ಣ ಬೆಂಡುಗಳು. ಮೇಲಿನಿಂದ ನೋಡಿದರೆ ಕೂಡಿಸುವ ಚಿಹ್ನೆ. ಆ ಬಟ್ಟೆಗಳನ್ನು ನೀರಹಾಯಿ ಎಂದು ಕರೆಯೋಣ. ದೋಣಿಯ ಹಾಯಿ ಗಾಳಿಯನ್ನು ಹಿಡಿದಂತೆ ಇದು ನೀರನ್ನು ಹಿಡಿಯುತ್ತದೆ. ಇದು ಮೇಲಿನ ಒಂದು ಮೀಟರ್ ನೀರಿನ ಚಲನೆಯನ್ನು ಹೇಳುತ್ತದೆ. ಜಗತ್ತಿನ ಸಾಗರಗಳಲ್ಲಿ ಹರಡಿರುವ 1,250ರಷ್ಟು ಡ್ರಿಫ್ಟರ್‌ಗಳ ಜಾಲದ ವಿನ್ಯಾಸ ಬೇರೆ: ಅಲ್ಲಿ ತೂತುಗಳಿರುವ ಉದ್ದನೆಯ ಬಟ್ಟೆಚೀಲ 15 ಮೀಟರ್ ಆಳದಲ್ಲಿ ತೂಗುತ್ತದೆ. ದಡದ ಹತ್ತಿರದ ಕಡಿಮೆ ಆಳದಲ್ಲಿ ಅದು ನೆಲಕ್ಕೆ ತಾಗುವುದರಿಂದ ಶಾಲೆಗೆ ಡೇವಿಸ್ ಮಾದರಿಯೇ ಸರಿ.

ಇನ್ನೊಂದು ಗೊಂದಲ ಇಲ್ಲೇ ಬಿಡಿಸಿಬಿಡುತ್ತೇನೆ. ನ್ಯೂ ಹ್ಯಾಂಪ್‌ಷೈರ್‌ನ ರೈ ಊರಿನ ಶಾಲಾ ಮಕ್ಕಳ ಪುಟ್ಟ ದೋಣಿ 2020ರ ಅಕ್ಟೋಬರಿನಲ್ಲಿ ಹೊರಟು 2022ರ ಫೆಬ್ರವರಿಯಲ್ಲಿ ನಾರ್ವೆಯ ಸ್ಮೋಲಾ ದ್ವೀಪದಲ್ಲಿ ಸಿಕ್ಕ ಸುದ್ದಿ ಅನೇಕರು ಓದಿದ್ದೀರಿ. ಚೆಲುವಾದ ಸಾಹಸ. ಆದರೆ ಅದಕ್ಕೆ ಗಾಳಿಹಾಯಿ ಇತ್ತು. ಅದರ ದಾರಿಯಿಂದ ಪ್ರವಾಹದ ವೇಗ ಲೆಕ್ಕ ಹಾಕಲಾಗದು.

ಈಗ ಗಾಳಿಯ ಲೆಕ್ಕ. ಇದನ್ನು ವಿದ್ಯಾರ್ಥಿಗಳು ಕಟ್ಟುವ ಮೊದಲೇ ಕಾಗದದ ಮೇಲೆ ಮಾಡಬೇಕು. ಸಮುದ್ರದ ನೀರು ಗಾಳಿಗಿಂತ ಸುಮಾರು 850 ಪಟ್ಟು ಸಾಂದ್ರ. ಗಾಳಿ ಮೇಲಿನ ಭಾಗವನ್ನು ತಳ್ಳುತ್ತದೆ, ನೀರು ಕೆಳಗಿನ ಭಾಗವನ್ನು ಹಿಡಿದು ನಿಲ್ಲಿಸುತ್ತದೆ. ಎರಡೂ ಬಲ ವಿಸ್ತೀರ್ಣಕ್ಕೂ ವೇಗದ ವರ್ಗಕ್ಕೂ ಅನುಪಾತದಲ್ಲಿರುತ್ತವೆ. ಸಮೀಕರಣ ಬಿಡಿಸಿದರೆ, ಮೇಲೆ ಕೆಳಗೆ ಸಮ ವಿಸ್ತೀರ್ಣವಿರುವ ವಸ್ತು ನೀರಿನ ಮೇಲೆ ಗಾಳಿಯ ವೇಗದ ಶೇಕಡಾ 3.4ರಷ್ಟು ಜಾರುತ್ತದೆ. ಕೆಳಗಿನ ವಿಸ್ತೀರ್ಣ ಮೇಲಿನದ್ದರ ಎಷ್ಟು ಪಟ್ಟೋ, ಅದರ ವರ್ಗಮೂಲದಿಂದ ಈ 3.4ನ್ನು ಭಾಗಿಸಬೇಕು.

ನಮ್ಮ ವಿನ್ಯಾಸದಲ್ಲಿ ಒಂದೊಂದು ನೀರಹಾಯಿ 50 ಸೆಂ.ಮೀ. ಅಗಲ, 80 ಸೆಂ.ಮೀ. ಎತ್ತರ. ಎದುರಿನಿಂದ ಕಾಣುವುದು ಎರಡು, ಅಂದರೆ 8,000 ಚದರ ಸೆಂ.ಮೀ. (ಓರೆಯಾಗಿ ತಿರುಗಿದಾಗ 5,700ರಷ್ಟು.) ನೀರಿನ ಮೇಲೆ 10 ಸೆಂ.ಮೀ. ಅಗಲ, 9 ಸೆಂ.ಮೀ. ಎತ್ತರದ ಡಬ್ಬಿ, 20 ಸೆಂ.ಮೀ. ಕಾಣುವ ತೆಳು ಕಂಬ, ನಾಲ್ಕು ಬೆಂಡುಗಳ ನೆತ್ತಿ; ಎಲ್ಲ ಸೇರಿ 270 ಚದರ ಸೆಂ.ಮೀ. ಅನುಪಾತ 30ರ ಹತ್ತಿರ, ವರ್ಗಮೂಲ 5.4, ಜಾರುವಿಕೆ ಶೇಕಡಾ 0.6. ಸೆಕೆಂಡಿಗೆ 5 ಮೀಟರ್ ಗಾಳಿಯಲ್ಲಿ ಇದು ಸೆಕೆಂಡಿಗೆ 3 ಸೆಂ.ಮೀ. ಆಗುತ್ತದೆ. ಕಡಿಮೆ ಅನ್ನಿಸಬಹುದು, ಆದರೆ ಗಾಳಿ ಬಿಡದೆ ಬೀಸಿದರೆ ದಿನಕ್ಕೆ ಎರಡೂವರೆ ಕಿ.ಮೀ. ಆಗುತ್ತದೆ. ದಾರಿ ಓದುವಾಗ ಈ ಸಂಖ್ಯೆ ಪಕ್ಕದಲ್ಲಿರಲೇಬೇಕು.

ಎಲ್ಲ ತಂಡಗಳಿಗೂ ಮೇಲೆ ಶಾಲೆಯ ಬಾವುಟ ಹಾರಿಸುವ ಆಸೆ ಇರುತ್ತದೆ. 30 ಸೆಂ.ಮೀ. ಅಗಲ, 20 ಸೆಂ.ಮೀ. ಎತ್ತರದ ಬಾವುಟವೊಂದೇ 600 ಚದರ ಸೆಂ.ಮೀ. ಅದನ್ನು ಸೇರಿಸಿ ಲೆಕ್ಕ ಹಾಕಿಸಿ: ಅನುಪಾತ 9ಕ್ಕೆ ಇಳಿದು ಜಾರುವಿಕೆ ಶೇಕಡಾ 1.1ಕ್ಕೆ ಏರುತ್ತದೆ. ಬಾವುಟದ ಚಿತ್ರವನ್ನು ನೀರಹಾಯಿಯ ಮೇಲೆ ಬರೆಯಿರಿ, ಮೀನುಗಳು ನೋಡಲಿ. ಡಬ್ಬಿಗೆ ಕಿತ್ತಳೆ ಅಥವಾ ಹಳದಿ ಬಣ್ಣ ಸಾಕು.

ಇದೇ ಲೆಕ್ಕ ಇನ್ನೊಂದು ಮಾತನ್ನೂ ಹೇಳುತ್ತದೆ. ವರ್ಗಮೂಲ ಇರುವುದರಿಂದ ಮೇಲಿನ ವಿಸ್ತೀರ್ಣವನ್ನು ಅರ್ಧ ಮಾಡಿದರೂ ಜಾರುವಿಕೆ ಶೇಕಡಾ 30 ಮಾತ್ರ ತಗ್ಗುತ್ತದೆ. ಆದರೆ ನಾಲ್ಕೂ ನೀರಹಾಯಿ ಹರಿದುಹೋದರೆ ಅದು ಶೇಕಡಾ 2ಕ್ಕೆ ಜಿಗಿಯುತ್ತದೆ. ಆದ್ದರಿಂದ ಡಬ್ಬಿಯನ್ನು ಒಂದು ಸೆಂ.ಮೀ. ಕುಗ್ಗಿಸಲು ವಾರ ಕಳೆಯುವ ಬದಲು ಹೊಲಿಗೆಯನ್ನು ಎರಡು ಸಾಲು ಹಾಕಿ. ದೊಡ್ಡ ಜಾಲದಲ್ಲೇ ಈ ಸಮಸ್ಯೆ ಆಗಿದೆ: ಆಳದ ಚೀಲ ಕಳಚಿಹೋದ ಅನೇಕ ಡ್ರಿಫ್ಟರ್‌ಗಳು ಇನ್ನೂ ಚೀಲ ಹೊತ್ತಿವೆ ಎಂದೇ ದಾಖಲಾಗಿ, ಸಾಗರ ಪ್ರವಾಹಗಳೇ ಬಲಗೊಳ್ಳುತ್ತಿವೆ ಎಂಬಂತೆ ದತ್ತಾಂಶ ತೋರಿಸಿತ್ತು. 2011ರ ವಿಶ್ಲೇಷಣೆ ಅದು ಗಾಳಿಯ ಕೈವಾಡವೆಂದು ತೋರಿಸಿತು, ಆಮೇಲೆ ಹಳೆಯ ದತ್ತಾಂಶವನ್ನೆಲ್ಲ ಮತ್ತೆ ಶೋಧಿಸಿದರು.

ಕಟ್ಟುವ ಕೆಲಸಕ್ಕೆ ಬರೋಣ. ಬೆನ್ನೆಲುಬಿಗೆ 63 ಮಿ.ಮೀ. ಪಿವಿಸಿ ಪೈಪ್, 1.2 ಮೀಟರ್. ತೋಳುಗಳಿಗೆ 10 ಮಿ.ಮೀ. ಫೈಬರ್‌ಗ್ಲಾಸ್ ಸರಳು ನಾಲ್ಕು, ಒಂದೊಂದು 1.06 ಮೀಟರ್; ಮೇಲೆ ಎರಡು, ಕೆಳಗೆ ಎರಡು, ಪೈಪನ್ನು ಅಡ್ಡಡ್ಡ ತೂರಿ ಆ ಕಡೆ ಈ ಕಡೆ ಅರ್ಧ ಅರ್ಧ ಮೀಟರ್ ಚಾಚುತ್ತವೆ. ಮೊದಲ ಸಲ ಕಟ್ಟುವವರು ತಪ್ಪುವುದು ಇಲ್ಲೇ. ಎರಡು ಸರಳು ಒಂದೇ ಮಟ್ಟದಲ್ಲಿ ಒಂದನ್ನೊಂದು ದಾಟಲಾರವು. ಎರಡನೆಯ ಜೋಡಿ ತೂತನ್ನು 2 ಸೆಂ.ಮೀ. ಕೆಳಗೆ ಕೊರೆಯಬೇಕು, ಕೆಳತುದಿಯಲ್ಲೂ ಅದೇ ಕ್ರಮದಲ್ಲಿ ಅಷ್ಟೇ ಕೆಳಗೆ. ಹಾಗೆ ಮಾಡಿದರೆ ಎರಡೂ ಜೋಡಿಯ ಮೇಲಿನ, ಕೆಳಗಿನ ಸರಳುಗಳ ಅಂತರ ಒಂದೇ ಇರುತ್ತದೆ, ನಾಲ್ಕೂ ಹಾಯಿ ಒಂದೇ ಅಳತೆಗೆ ಹೊಲಿಯಬಹುದು. ಕೆಳಗೆ ತಿರುಗುಮುರುಗು ಮಾಡಿದರೆ ಎರಡು ಹಾಯಿ ಜೋಲುತ್ತವೆ, ಇನ್ನೆರಡು ಬಿಗಿಯುತ್ತವೆ. ತೂತು 11 ಮಿ.ಮೀ. ಇರಲಿ, ಅಂಚನ್ನು ಅರದಿಂದ ಉಜ್ಜಿ ನುಣುಪು ಮಾಡಿ. ಅಲೆಗೆ ಸಿಕ್ಕಿದ ಪೈಪ್ ಮುರಿಯುವುದು ಯಾವಾಗಲೂ ತೂತಿನ ಜಾಗದಲ್ಲಿ.

ಪೈಪಿನ ಎರಡೂ ತುದಿ ತೆರೆದಿರಲಿ, ಪಕ್ಕದಲ್ಲಿ ನಾಲ್ಕಾರು ತೂತು ಹೆಚ್ಚುವರಿ ಇರಲಿ, ನೀರು ಒಳಗೆ ತುಂಬಿಕೊಳ್ಳಲಿ. ಪೈಪ್ ಮುಚ್ಚಿ ಅದರ ಗಾಳಿಯಿಂದಲೇ ತೇಲಿಸುವ ಆಲೋಚನೆ ಚೆನ್ನಾಗಿ ಕಾಣುತ್ತದೆ, ಆದರೆ ಸರಳು ತೂರಿದ ಎಂಟು ತೂತುಗಳಲ್ಲಿ ಒಂದು ಸೋರಿದರೂ ಮೂರನೆಯ ದಿನಕ್ಕೆ ತೇಲುವ ಮಟ್ಟ ಬದಲಾಗಿ, ಎಲ್ಲ ಲೆಕ್ಕ ಕೆಡುತ್ತದೆ.

ಬಟ್ಟೆಗೆ ಲಾರಿ ಹೊದಿಕೆಯ ಪಿವಿಸಿ ಟಾರ್ಪಾಲು ಒಳ್ಳೆಯದು. ನೀಲಿ ತೆಳು ಟಾರ್ಪಾಲು ಐಲೆಟ್ (ಹಗ್ಗ ತೂರಿಸುವ ಲೋಹದ ಉಂಗುರ) ಹಾಕಿದಲ್ಲೇ ಹರಿಯುತ್ತದೆ. ಮೇಲೆ ಕೆಳಗೆ 4 ಸೆಂ.ಮೀ. ಮಡಿಕೆ ಹೊಲಿದು ಅದರೊಳಗೆ ಸರಳು ತೂರಿಸಿ. ಒಳ ಅಂಚಿಗೆ 15 ಸೆಂ.ಮೀ.ಗೊಂದು ಐಲೆಟ್ ಹಾಕಿ ಪೈಪಿಗೆ ಬಿಗಿಯಿರಿ. ಹೊಲಿಗೆಗೆ ನೈಲಾನ್ ದಾರ. ಹತ್ತಿ ದಾರ ಉಪ್ಪುನೀರಿನಲ್ಲಿ ಬೇಗ ಕೊಳೆಯುತ್ತದೆ. ಸರಳಿನ ತುದಿಗೆ ರಬ್ಬರ್ ಟೊಪ್ಪಿ ಹಾಕದಿದ್ದರೆ ಅಲೆಯ ಒಂದೊಂದು ಕುಲುಕಿಗೂ ಆ ತುದಿ ಬಟ್ಟೆಯನ್ನು ಕೊರೆಯುತ್ತದೆ. ಹಾಯಿ ಸಡಿಲವಾಗಿ ಚೀಲದಂತೆ ಉಬ್ಬಿದರೂ ಕೆಡುಕೇ: ಡ್ರಿಫ್ಟರ್ ಓರೆಯಾಗಿ ಪಕ್ಕಕ್ಕೆ ಸರಿಯುತ್ತದೆ.

ಬಿದಿರು, ಹತ್ತಿಯ ಕ್ಯಾನ್ವಾಸ್ ಬಳಸಬಾರದೇ ಎಂದು ಕೇಳುತ್ತೀರಿ. 2016ರಲ್ಲಿ ಮೆಕ್ಸಿಕೋ ಕೊಲ್ಲಿಯಲ್ಲಿ ಸಂಶೋಧಕರು ಸಾವಿರದಷ್ಟು ಡ್ರಿಫ್ಟರ್ ಬಿಟ್ಟಾಗ, ಕಡಲಿಗೆ ಕಸ ಸೇರಬಾರದೆಂದು ಬಹುಭಾಗವನ್ನು ಮಣ್ಣಾಗಬಲ್ಲ ಪ್ಲಾಸ್ಟಿಕ್ಕಿನಿಂದ ಮಾಡಿದ್ದರು. ಆ ಕಾಳಜಿ ನಮಗೂ ಬೇಕು. ಒಂದೆರಡು ವಾರದ ಪ್ರಯೋಗಕ್ಕೆ ಬಿದಿರು ನಡೆಯುತ್ತದೆ, ಆದರೆ ಅದು ದಿನದಿನಕ್ಕೂ ನೀರು ಕುಡಿದು ಭಾರವಾಗುತ್ತದೆ. ಮೊದಲೇ ವಾರವಿಡೀ ನೆನೆಸಿಟ್ಟು ಆಮೇಲೆ ತೂಕದ ಲೆಕ್ಕ ಮಾಡಿ. ಯಾವುದರಿಂದ ಕಟ್ಟಿದರೂ ಮರಳಿ ತರುವ ಯೋಜನೆ ಇಲ್ಲದೆ ಬಿಡಬೇಡಿ.

ತೇಲುವ ಮಟ್ಟದ ಲೆಕ್ಕ ನನಗೆ ಇಡೀ ಕೆಲಸದಲ್ಲೇ ಅತ್ಯಂತ ಪ್ರಿಯವಾದ ಭಾಗ. ಬಲೆಯ ಬೆಂಡು, 12 ಸೆಂ.ಮೀ. ವ್ಯಾಸದ ಗುಂಡು ನಾಲ್ಕು ತೆಗೆದುಕೊಳ್ಳಿ. ಒಂದರ ಗಾತ್ರ 905 ಘನ ಸೆಂ.ಮೀ. ಪೂರ್ತಿ ಮುಳುಗಿದರೆ ಅದು ತಳ್ಳುವ ಸಮುದ್ರದ ನೀರು 927 ಗ್ರಾಂ. ಬೆಂಡಿನ ಸ್ವಂತ ತೂಕ 130 ಗ್ರಾಂ ಎಂದಿಟ್ಟುಕೊಳ್ಳೋಣ. ನಿಮ್ಮದನ್ನು ನೀವೇ ತೂಗಬೇಕು. ಮುಕ್ಕಾಲು ಭಾಗ ಮುಳುಗಿ ಕಾಲು ಭಾಗ ಕಾಣಬೇಕೆಂದರೆ ಒಂದು ಬೆಂಡು ಹೊರಬಹುದಾದ ಹೊರೆ 565 ಗ್ರಾಂ, ನಾಲ್ಕಕ್ಕೆ 2.26 ಕೆ.ಜಿ. ಅಂದರೆ ಬೆಂಡು ಬಿಟ್ಟು ಉಳಿದ ಚೌಕಟ್ಟು, ಹಾಯಿ, ಡಬ್ಬಿ, ಭಾರ ಎಲ್ಲವೂ ಸೇರಿ, ತೇಲುವ ಭಂಗಿಯಲ್ಲೇ ನೀರಿಗೆ ಇಳಿಸಿ ತೂಗಿದಾಗ, 2.26 ಕೆ.ಜಿ. ಇರಬೇಕು.

‘ನೀರಿನಲ್ಲಿ’ ಎಂಬ ಮಾತನ್ನು ಒತ್ತಿ ಹೇಳುತ್ತೇನೆ. ಒಂದು ಕೆ.ಜಿ. ಕಾಂಕ್ರೀಟು ನೀರಿನಲ್ಲಿ 550 ಗ್ರಾಮಿನಷ್ಟೇ ತೂಗುತ್ತದೆ, ಒಂದು ಕೆ.ಜಿ. ಕಬ್ಬಿಣ 870 ಗ್ರಾಂ. ಗಾಳಿಯಲ್ಲಿ ತೂಗಿ ಕಾಂಕ್ರೀಟು ಕಟ್ಟಿದ ತಂಡದ ಡ್ರಿಫ್ಟರ್ ಎತ್ತರವಾಗಿ ನಿಂತು ಗಾಳಿಗೆ ಎದೆಯೊಡ್ಡುತ್ತದೆ. ಹಳೆಯ ಕಬ್ಬಿಣದ ಸರಪಳಿಯನ್ನು ಪೈಪಿನ ಕೆಳತುದಿಗೆ ಕಟ್ಟುವುದು ಸುಲಭ. ಕೊಂಡಿ ಕೊಂಡಿ ತೆಗೆದು ಸೇರಿಸಿ ಸರಿದೂಗಿಸಬಹುದು. ಈ ಅಳತೆಯ ಚೌಕಟ್ಟಿಗೆ ಒಂದು ಕೆ.ಜಿ. ಆಸುಪಾಸಿನ ಸರಪಳಿ ಸಾಕಾಗುತ್ತದೆ. ಸೀಸ ಬೇಡ, ಅದು ವಿಷ.

ಸಾಮಾನು ತೂಗುವ ಸ್ಪ್ರಿಂಗ್ ತಕ್ಕಡಿಗೆ ನೇತುಹಾಕಿ ಬಾವಿಯಲ್ಲೋ ಕೆರೆಯಲ್ಲೋ ಇಳಿಸಿ ನೋಡಿ. 200 ಲೀಟರ್ ಡ್ರಮ್ಮಿನಲ್ಲಿ ಈ ಅಗಲ ಹಿಡಿಯದು. ಸಿಹಿನೀರಿನಲ್ಲಿ ಕಡಲಿಗಿಂತ ಸ್ವಲ್ಪ ಹೆಚ್ಚು ಮುಳುಗುತ್ತದೆ, ಸಾಂದ್ರತೆ ಶೇಕಡಾ 2.5 ಕಡಿಮೆ, ಆದ್ದರಿಂದ ಬಾವಿಯಲ್ಲಿ ಗೆದ್ದದ್ದು ಕಡಲಿನಲ್ಲೂ ಗೆಲ್ಲುತ್ತದೆ. ಅಳಿವೆಯ ಹತ್ತಿರ, ಮಳೆಗಾಲ ಮುಗಿದ ಹೊಸದರಲ್ಲಿ ಮೇಲ್ಪದರದ ನೀರು ಸಪ್ಪೆಯಾಗಿರುವುದು ನೆನಪಿರಲಿ. ಬೆಂಡುಗಳನ್ನು ತೋಳಿಗೆ ನೇರವಾಗಿ ಬಿಗಿಯದೆ 15 ಸೆಂ.ಮೀ. ಹಗ್ಗದಲ್ಲಿ ಕಟ್ಟಿ. ಸಣ್ಣ ಅಲೆಗೆ ಬೆಂಡು ಮಾತ್ರ ಕುಣಿಯಲಿ, ಚೌಕಟ್ಟು ನೆಟ್ಟಗೆ ನಿಲ್ಲಲಿ.

ಡಬ್ಬಿಯ ವಿಷಯ. ಜಿಪಿಎಸ್ ಸಂಕೇತ ಸಮುದ್ರದ ನೀರನ್ನು ದಾಟಿ ಬರುವುದಿಲ್ಲ, ಆಂಟೆನಾ ಯಾವಾಗಲೂ ನೀರಿನ ಮೇಲಿರಬೇಕು. ಅದಕ್ಕೇ ಆ 20 ಸೆಂ.ಮೀ. ಕಂಬ. ಡಬ್ಬಿಯಲ್ಲಿ ನೀರು ಸೇರುವ ಮುಖ್ಯ ಕಾರಣ ಅನೇಕರಿಗೆ ಹೊಳೆಯದು: ಬಿಸಿಲಿನಲ್ಲಿ ಕಾದ ಡಬ್ಬಿಯನ್ನು ಮುಚ್ಚಿ ತಂಪು ನೀರಿಗೆ ಇಳಿಸುವುದು. 50 ಡಿಗ್ರಿಯ ಗಾಳಿ 28 ಡಿಗ್ರಿಗೆ ಇಳಿದಾಗ ಒಳಗಿನ ಒತ್ತಡ ಶೇಕಡಾ 7 ಕುಸಿಯುತ್ತದೆ. ಅದು 70 ಸೆಂ.ಮೀ. ಆಳದ ನೀರಿನ ಒತ್ತಡಕ್ಕೆ ಸಮ. ಡಬ್ಬಿ ನೀರನ್ನು ಹೀರಿಕೊಳ್ಳುತ್ತದೆ. ಬೆಳಗಿನ ತಂಪಿನಲ್ಲಿ ಮುಚ್ಚಿ, ರಬ್ಬರ್ ಉಂಗುರಕ್ಕೆ ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿ, ಅದರ ಮೇಲೆ ಒಂದು ಕೂದಲೂ ಸಿಕ್ಕಿಕೊಳ್ಳದಂತೆ ನೋಡಿ. ಎಲೆಕ್ಟ್ರಾನಿಕ್ಸ್ ಇಡುವ ಮೊದಲು ಟಿಶ್ಯೂ ಕಾಗದ ಮಾತ್ರ ಇಟ್ಟು ಒಂದು ಮೀಟರ್ ಆಳದಲ್ಲಿ 24 ಗಂಟೆ ಮುಳುಗಿಸಿಡಿ. ಕಾಗದ ಒಣಗಿದ್ದರೆ ಮುಂದಿನ ಹೆಜ್ಜೆ.

ಸಂಪರ್ಕಕ್ಕೆ ಮೇನ್ ಕೊಲ್ಲಿಯ ಮಕ್ಕಳು ಉಪಗ್ರಹ ಟ್ರಾನ್ಸ್‌ಮಿಟರ್ ಬಳಸುತ್ತಾರೆ. ನಮ್ಮಲ್ಲಿ ಅದನ್ನು ಹಾಗೆ ಬಳಸುವಂತಿಲ್ಲ, ದೂರಸಂಪರ್ಕ ಇಲಾಖೆಯ ಪರವಾನಗಿ ಬೇಕು. ಹೊರದೇಶದಿಂದ ತರಿಸಿಕೊಂಡು ಆನ್ ಮಾಡುವ ಪ್ರಯತ್ನ ಬೇಡವೇ ಬೇಡ. ಶಾಲೆಗೆ ಉಳಿಯುವುದು ಮೊಬೈಲ್ ಜಾಲ, ಇಲ್ಲವೇ ಪರವಾನಗಿ ಬೇಡದ 865–868 ಮೆಗಾಹರ್ಟ್ಸ್‌ನ ಲೋರಾ ರೇಡಿಯೋ (ಕಡಿಮೆ ವಿದ್ಯುತ್ತಿನಲ್ಲಿ ಸಣ್ಣ ಸಂದೇಶವನ್ನು ದೂರಕ್ಕೆ ಕಳುಹಿಸುವ ರೇಡಿಯೋ). ಮೊಬೈಲ್ ಆರಿಸಿದರೆ ಅಗ್ಗದ ಸಿಮ್800ಎಲ್ ಮಾಡ್ಯೂಲು 2ಜಿ ಮಾತ್ರ ಎಂಬುದು ಗೊತ್ತಿರಲಿ. ಜಿಯೋದಲ್ಲಿ 2ಜಿ ಇಲ್ಲ. 4ಜಿ ಮಾಡ್ಯೂಲನ್ನೇ ತೆಗೆದುಕೊಳ್ಳಿ. ನೀರಿನಿಂದ 30 ಸೆಂ.ಮೀ. ಎತ್ತರದ ಆಂಟೆನಾಕ್ಕೂ 40 ಮೀಟರ್ ಗೋಪುರಕ್ಕೂ ಭೂಮಿಯ ಬಾಗು ಅಡ್ಡ ಬರುವುದು ಸುಮಾರು 25 ಕಿ.ಮೀ. ದೂರದಲ್ಲಿ. ಅಲೆಗಳ ನಡುವೆ ಅದಕ್ಕಿಂತ ಬಹಳ ಮೊದಲೇ ಸಂಕೇತ ಹೋಗುತ್ತದೆ. ಆದ್ದರಿಂದ ಪ್ರತಿ ಸ್ಥಾನವನ್ನೂ ಮೆಮೊರಿ ಕಾರ್ಡಿನಲ್ಲಿ ಬರೆದಿಟ್ಟು, ಜಾಲ ಸಿಕ್ಕಾಗ ಬಾಕಿಯನ್ನೆಲ್ಲ ಕಳುಹಿಸುವಂತೆ ಪ್ರೋಗ್ರಾಂ ಬರೆಯಿರಿ.

ಬ್ಯಾಟರಿಯನ್ನು ತಿನ್ನುವುದು ಎಚ್ಚರದ ಹೊತ್ತಲ್ಲ, ನಿದ್ದೆಯ ಹೊತ್ತು. ಅರ್ಧ ಗಂಟೆಗೊಮ್ಮೆ ಎದ್ದು 90 ಸೆಕೆಂಡು, ಸರಾಸರಿ 150 ಮಿಲಿಆಂಪಿಯರ್ ಬಳಸಿದರೆ ದಿನಕ್ಕೆ 180 ಮಿಲಿಆಂಪಿಯರ್-ಗಂಟೆ. ಆದರೆ ಕಲಿಕೆಗೆಂದು ಮಾರುವ ಬೋರ್ಡುಗಳಲ್ಲಿ ದೀಪ, ರೆಗ್ಯುಲೇಟರ್ ಉರಿಯುತ್ತಲೇ ಇರುತ್ತವೆ. ನಿದ್ದೆಯಲ್ಲೂ 10 ಮಿಲಿಆಂಪಿಯರ್ ಹೋದರೆ ದಿನಕ್ಕೆ ಇನ್ನೂ 240. ಚಾರ್ಜ್ ಮಾಡಬಹುದಾದ ಮೂರು 18650 ಲಿಥಿಯಂ ಸೆಲ್‌ಗಳ 7,800 ಮಿಲಿಆಂಪಿಯರ್-ಗಂಟೆಯಲ್ಲಿ ಶೇಕಡಾ 70 ನೆಚ್ಚಿದರೆ ಮೊದಲ ಲೆಕ್ಕದಲ್ಲಿ 30 ದಿನ, ಎರಡನೆಯದರಲ್ಲಿ 13. ಮಲ್ಟಿಮೀಟರ್ ಹಿಡಿದು ನಿದ್ದೆಯ ಕರೆಂಟ್ ಅಳೆಯದೆ ಡಬ್ಬಿ ಮುಚ್ಚಬೇಡಿ.

ಅರ್ಧ ಗಂಟೆಯೇ ಯಾಕೆ, ನಿಮಿಷಕ್ಕೊಮ್ಮೆ ಯಾಕಲ್ಲ? ಜಿಪಿಎಸ್ ಒಂದು ಸ್ಥಾನದಲ್ಲಿ 5 ಮೀಟರ್ ತಪ್ಪಬಹುದು, ಎರಡು ಸ್ಥಾನಗಳ ಅಂತರದಲ್ಲಿ ಸುಮಾರು 7. ನಿಮಿಷದ ಅಂತರದಲ್ಲಿ ಅದು ವೇಗದಲ್ಲಿ ಸೆಕೆಂಡಿಗೆ 12 ಸೆಂ.ಮೀ. ತಪ್ಪು, ಅಳೆಯಬೇಕಾದ ಪ್ರವಾಹವೇ 20–30 ಇರುವಾಗ ಇದು ಬರೀ ಗದ್ದಲ. ಅರ್ಧ ಗಂಟೆಯ ಅಂತರದಲ್ಲಿ ತಪ್ಪು 0.4 ಸೆಂ.ಮೀ. ಮಾತ್ರ. ಕಡಲಿಗಿಳಿಸುವ ಮೊದಲು ಡಬ್ಬಿಯನ್ನು ಮೂರು ದಿನ ಶಾಲೆಯ ಮಾಳಿಗೆಯ ಮೇಲಿಡಿ. ಕದಲದ ವಸ್ತು ಎಷ್ಟು ‘ಓಡಾಡಿತು’ ಎಂಬುದೇ ನಿಮ್ಮ ಉಪಕರಣದ ತಪ್ಪಿನ ಅಳತೆ.

ಪ್ರೋಗ್ರಾಂ ಬರೆಯುವವರಿಗೆ ಒಂದು ಎಚ್ಚರಿಕೆ. ಜಿಪಿಎಸ್ 1252.1234 ಎಂದು ಕೊಟ್ಟರೆ ಅದು 12 ಡಿಗ್ರಿ 52.1234 ನಿಮಿಷ, ಅಂದರೆ 12.8687 ಡಿಗ್ರಿ, ಮಂಗಳೂರಿನ ನೇರ. 12.5212 ಎಂದು ಓದಿದರೆ ಡ್ರಿಫ್ಟರ್ 38 ಕಿ.ಮೀ. ದಕ್ಷಿಣಕ್ಕೆ, ಕಾಸರಗೋಡಿನ ಬಳಿ ಹಾರಿರುತ್ತದೆ.

ಬಿಡುವ ಮೊದಲು ಮೀನುಗಾರಿಕಾ ಇಲಾಖೆ, ಕರಾವಳಿ ಕಾವಲು ಪೊಲೀಸ್ ಮತ್ತು ಕೋಸ್ಟ್ ಗಾರ್ಡ್‌ಗೆ ಬರವಣಿಗೆಯಲ್ಲಿ ತಿಳಿಸಿ ಒಪ್ಪಿಗೆ ಪಡೆಯಿರಿ. ತಂತಿ, ಬ್ಯಾಟರಿ ಇರುವ ಅಪರಿಚಿತ ಡಬ್ಬಿ ಕಡಲಿನಲ್ಲಿ ಸಿಕ್ಕರೆ ಜನ ಗಾಬರಿಯಾಗುವುದು ಸಹಜ. ಡಬ್ಬಿಯ ಮೇಲೆ ಕನ್ನಡ, ಮಲಯಾಳಂ, ಹಿಂದಿ, ಇಂಗ್ಲಿಷಿನಲ್ಲಿ ಇದೇನು, ಅಪಾಯವಿಲ್ಲ, ಸಿಕ್ಕರೆ ಯಾವ ಸಂಖ್ಯೆಗೆ ಕರೆ ಮಾಡಬೇಕು ಎಂದು ಬರೆಯಿರಿ. ಬಂದರಿನ ಮೀನುಗಾರ ಸಂಘದವರಿಗೆ ಡ್ರಿಫ್ಟರನ್ನೇ ಒಯ್ದು ತೋರಿಸಿ. ಬಲೆಗೆ ಸಿಕ್ಕುವ ಜಾಗ ಯಾವುದು, ನೀರಿನ ಸೆಳೆತ ಎಲ್ಲಿ ಎಂದು ಅವರಷ್ಟು ಚೆನ್ನಾಗಿ ಹೇಳುವವರಿಲ್ಲ, ಮರಳಿ ತಂದುಕೊಡುವವರೂ ಅವರೇ.

ಕಾಲ ನವೆಂಬರಿನಿಂದ ಫೆಬ್ರವರಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ, ಕಡಲೂ ಒರಟು. ಚಳಿಗಾಲದಲ್ಲಿ ಪಶ್ಚಿಮ ಕರಾವಳಿಯ ಪ್ರವಾಹ ಉತ್ತರಕ್ಕೆ, ಮಳೆಗಾಲದಲ್ಲಿ ದಕ್ಷಿಣಕ್ಕೆ ಹರಿಯುತ್ತದೆ. ಆದರೆ ದಡದ ಹತ್ತಿರ ಉಬ್ಬರವಿಳಿತ ಮತ್ತು ಗಾಳಿಯ ಆಟವೇ ಹೆಚ್ಚು. ನಸುಕಿನಲ್ಲಿ, ನೆಲದ ಕಡೆಯಿಂದ ಗಾಳಿ ಬೀಸುವಾಗ, ಇಳಿತದ ಹೊತ್ತಿಗೆ ಅಲೆ ಒಡೆಯುವ ಜಾಗದಿಂದ ಸಾಕಷ್ಟು ಹೊರಗೆ ಬಿಡಿ. ಸಾಧ್ಯವಾದರೆ ಜೋಡಿಯಾಗಿ ಬಿಡಿ: ಒಂದಕ್ಕೆ ನೀರಹಾಯಿ, ಇನ್ನೊಂದಕ್ಕೆ ಇಲ್ಲ. ಎರಡೂ ದಾರಿ ಎಲ್ಲಿ ಬೇರೆಯಾದವು, ಆಗ ಗಾಳಿ ಎಷ್ಟಿತ್ತು ಎಂದು ನೋಡಿದರೆ ಕಾಗದದ ಮೇಲಿನ ಆ 0.6 ಮತ್ತು 2 ಕಡಲಿನಲ್ಲಿ ಎಷ್ಟು ನಿಜ ಎಂಬುದು ತಿಳಿಯುತ್ತದೆ.

ದತ್ತಾಂಶ ಬಂದ ಮೇಲೆ ಮೊದಲು ವೇಗದ ಪಟ್ಟಿ ನೋಡಿ. ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ನೆಟ್ಟಗೆ ಬಂದರಿನ ಕಡೆ ಹೊರಟಿದ್ದರೆ ಅದು ಯಾರದೋ ಬೋಟು ಹತ್ತಿದೆ. ಆ ಕ್ಷಣದಿಂದ ದಾರಿಯನ್ನು ಕತ್ತರಿಸಿ. ಉಳಿದದ್ದರಲ್ಲಿ ಉಬ್ಬರವಿಳಿತ ಸುರುಳಿ ಸುರುಳಿಯಾಗಿ ಕಾಣುತ್ತದೆ. 25 ಗಂಟೆಯ ಸರಾಸರಿ ತೆಗೆದರೆ ಅದು ಹೆಚ್ಚುಕಡಿಮೆ ಅಳಿಸಿ ನಿಜವಾದ ಸಾಗಣೆ ಉಳಿಯುತ್ತದೆ.

ಡ್ರಿಫ್ಟರ್ ಮರಳಿ ಸಿಕ್ಕಿದರೆ ತೊಳೆಯುವ ಮುನ್ನ ನೆನಪಿಟ್ಟು ಎರಡು ಕೆಲಸ ಮಾಡಿ. ಹೋದಾಗಿನಂತೆಯೇ ಬಾವಿಗಿಳಿಸಿ ಮತ್ತೆ ತೂಗಿ. ಅಂಟಿದ ಚಿಪ್ಪು, ಪಾಚಿ, ಒಳಸೇರಿದ ನೀರು ಎಷ್ಟೆಂದು ತಿಳಿಯುತ್ತದೆ. ಆಮೇಲೆ ನಾಲ್ಕೂ ಹಾಯಿಯ ಚಿತ್ರ ತೆಗೆಯಿರಿ. ಒಂದು ಹರಿದಿದ್ದರೆ, ಗಾಳಿ ಎದ್ದಾಗಲೆಲ್ಲ ದಾರಿ ಹೆಚ್ಚು ವಾಲತೊಡಗಿದ ದಿನ ಯಾವುದೆಂದು ನಕ್ಷೆಯಲ್ಲಿ ಹುಡುಕಿ, ಅಲ್ಲಿ ಗೆರೆ ಎಳೆದು, ಇಲ್ಲಿಯವರೆಗೆ ಮಾತ್ರ ನಂಬಿಕೆ ಎಂದು ಬರೆಯಿರಿ.